ಹೆಸರು ಹೇಳದ ಮನೆಯ ವೈಫೈ

"ಇನ್ ಮೇಲೆ ನಮ್ಮ ವೈಫೈಗೆ ಕನ್ನ ಹಾಕೋನು ಹುಟ್ಟಿ ಬರ್ಬೇಕು!" ಎಂದು ಪಂಪಾಪತಿಯವರು ಘೋಷಿಸಿದಾಗ ಗಂಟೆ ಹತ್ತೂಕಾಲು. ಹನ್ನೊಂದಕ್ಕೆ ಅವರ ಹೆಂಡತಿ ದಾಕ್ಷಾಯಣಿಯ ಎಂ.ಎ. ಮೌಖಿಕ ಪರೀಕ್ಷೆ, ಲ್ಯಾಪ್‌ಟಾಪಿನಲ್ಲೇ. ಮದುವೆಯಾದಾಗ ಬಿಟ್ಟ ಓದನ್ನು ಐವತ್ತು ದಾಟಿದ ಮೇಲೆ ಮತ್ತೆ ಹಿಡಿದು, ಒಲೆಯ ಮುಂದೆ ಪುಸ್ತಕ ಇಟ್ಟುಕೊಂಡು ಓದಿ, ಇಲ್ಲಿಯವರೆಗೆ ಬಂದು ಮುಟ್ಟಿದ್ದಳು. ಈ ದಿನವೇ ಹೊಸ ಯಂತ್ರ ಜೋಡಿಸುವ ಬುದ್ಧಿ ಆ ಪುಣ್ಯಾತ್ಮರಿಗಲ್ಲದೆ ಇನ್ನಾರಿಗೆ ಬಂದೀತು?

ಪಾಲಿಟೆಕ್ನಿಕ್ ಲ್ಯಾಬಿನಿಂದ ನಿವೃತ್ತರಾದ ಮೇಲೆ, ದಾವಣಗೆರೆಯ ಆ ಮನೆಯಲ್ಲಿ ಅವರು ಬಿಚ್ಚದೆ ಬಿಟ್ಟ ವಸ್ತುವಿರಲಿಲ್ಲ. ಈ ಸಲ ಚಕ್ಕುಲಿ ಡಬ್ಬಿಯೊಳಗೆ ಕೂತಿದ್ದು 'ದ್ವಾರಪಾಲಕ'. ಪಾಸ್‌ವರ್ಡ್ ಒತ್ತುವ ಗೋಜಿಲ್ಲ. ಫೋನಿನ ಅಥವಾ ಲ್ಯಾಪ್‌ಟಾಪಿನ ಒಡೆಯರೇ ಖುದ್ದಾಗಿ ಮನೆ ಯಜಮಾನನ ಹೆಸರು ಹೇಳಿದರೆ ಸಾಕು. ಜೋಡಿಸುವ ಮೊದಲೇ ಒಂದು ತಿಂಗಳು ಮನೆಯವರ ಮಾತನ್ನೆಲ್ಲ ಕದ್ದು ಕೇಳಿ ಅದು ಅವರವರ ದನಿ, ಧಾಟಿ ಕಲಿತಿತ್ತು.

"ಪಂಪಾಪತಿ" ಎಂದರು ಅವರು ತಮ್ಮ ಫೋನ್ ಹಿಡಿದು. ಹಸಿರು ದೀಪ ಹತ್ತಿತು.

"ಬನ್ನಿ ಯಜಮಾನರೇ" ಎಂದಿತು ಡಬ್ಬಿ.

"ನೋಡ್ದ್ಯಾ? ಈಗ ನೀನು ಹೇಳು."

"ಅಯ್ಯೋ, ನಾನ್ ಹೆಂಗ್ರೀ ಹೇಳ್ಲಿ?"

ಗಂಡನ ಹೆಸರು ದಾಕ್ಷಾಯಣಿಯ ಬಾಯಿಂದ ಬಂದಿದ್ದು ಒಮ್ಮೆ ಮಾತ್ರ, ಮದುವೆಯ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಒಳಗೆ ಬಿಡದಿದ್ದಾಗ. ಆಮೇಲೆ ಬ್ಯಾಂಕಿನಲ್ಲೂ ಆಧಾರ್ ಕಾರ್ಡ್ ಮುಂದೆ ಚಾಚುತ್ತಿದ್ದಳೇ ಹೊರತು ಹೆಸರು ಹೇಳಿದವಳಲ್ಲ. ಆದರೆ ಪರೀಕ್ಷೆ ತಪ್ಪಬಾರದಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ ಹೇಳಿಯೇ ಬಿಟ್ಟಳು.

ಕೆಂಪು ದೀಪ. "ಈ ಮನೆಯ ಯಜಮಾನಿ ಈ ಹೆಸರು ಹೇಳುವವರಲ್ಲ. ಅವರ ದನಿ ಕದ್ದ ನೀವು ಯಾರು?"

"ಸೆರಗು ತೆಗ್ದು ಗಟ್ಟಿಯಾಗಿ ಹೇಳೇ" ಎಂದರು ಪಂಪಾಪತಿ.

ಗಟ್ಟಿಯಾಗಿ ಹೇಳಿದಳು. ಡಬ್ಬಿ ಮೊಬೈಲ್ ಸಿಗ್ನಲ್ಲನ್ನೂ ಅಡಗಿಸಿತು. ಮೂರನೆಯ ಸಲಕ್ಕೆ ಮುಂಬಾಗಿಲ ಕರೆಂಟಿನ ಚಿಲಕ ಟಕ್ಕೆಂದು ಬಿತ್ತು. ಪಕ್ಕದ ಮನೆಗೆ ಓಡೋಣವೆಂದರೆ ಆ ದಾರಿಯೂ ಮುಚ್ಚಿತು. ಪಂಪಾಪತಿಯವರು ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದರು. ಲ್ಯಾಪ್‌ಟಾಪನ್ನೂ ಆಫ್ ಮಾಡಿ ಆನ್ ಮಾಡಿದರು. ಎಚ್ಚರವಾದ ಡಬ್ಬಿ ಮೊದಲು ಕೇಳಿದ್ದು, "ಕಳ್ಳಿ ಇನ್ನೂ ಹೋಗಲಿಲ್ಲವೇ?"

ಹನ್ನೊಂದಕ್ಕೆ ಎರಡೇ ನಿಮಿಷ. ಇಷ್ಟು ವರ್ಷದ ಆಸೆ ಒಂದು ಚಕ್ಕುಲಿ ಡಬ್ಬಿಯ ಪಾಲಾಯಿತಲ್ಲ ಎಂದು ದಾಕ್ಷಾಯಣಿಗೆ ದುಃಖ ಉಕ್ಕಿ ಬಂತು.

"ಏನ್ರೀ, ಕೇಳಿಸ್ತೈತಾ? ನನ್ನ ಹೊಟ್ಟೆ ಉರ್ಸೋಕೇ ಹುಟ್ಟೀರೇನ್ರೀ ನೀವು? ಮಿಕ್ಸಿ ಹಾಳ್ಮಾಡಿದ್ರಿ, ಗೀಜರ್ ಸುಟ್ರಿ, ಈಗ ನನ್ನ ಪರೀಕ್ಷೆನೂ ನುಂಗಿದ್ರಾ?"

ಹಸಿರು ದೀಪ ಹತ್ತಿತು. "ಬನ್ನಿ ಅಮ್ಮ. ಈಗ ಗುರುತು ಸಿಕ್ಕಿತು."

ಪರದೆಯ ಮೇಲೆ ಕನ್ನಡಕದ ಪರೀಕ್ಷಕರು ಮೂಡಿದರು. ದಾಕ್ಷಾಯಣಿ ಕಣ್ಣೊರೆಸಿಕೊಂಡು ಕೈಮುಗಿದಳು.

"ನಮಸ್ಕಾರ ಅಮ್ಮ. ಶುರು ಮಾಡೋಕೆ ಮುಂಚೆ, ಅರ್ಜಿಯ ಜೊತೆ ತಾಳೆ ನೋಡ್ಬೇಕು. ಪತಿಯ ಹೆಸರು ಹೇಳಿ."

ದಾಕ್ಷಾಯಣಿ ಡಬ್ಬಿಯತ್ತ ನೋಡಿದಳು. ಬಾಯಿ ತೆರೆಯಲು ಹೊರಟ ಗಂಡನನ್ನು ಕಣ್ಣಲ್ಲೇ ಕೂರಿಸಿದಳು. ಒಂದು ಹಾಳೆ ಎಳೆದು, ದೊಡ್ಡ ಅಕ್ಷರದಲ್ಲಿ ಬರೆದು, ಕ್ಯಾಮೆರಾಗೆ ಹಿಡಿದಳು. ತನ್ನ ಜಾಣತನಕ್ಕೆ ಅವಳಿಗೇ ಹೆಮ್ಮೆಯೆನಿಸಿತು.

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. "ಪಂ... ಪಾ... ಪತಿ. ಪಂಪಾಪತಿ, ಸರೀನಾ?"

"ಹೊಸ ದನಿ, ಹೊಸ ಕಳ್ಳ" ಎಂದಿತು ದ್ವಾರಪಾಲಕ. ಪರೀಕ್ಷಕರು ಮಾಯವಾದರು.

ಎಷ್ಟು ಬೈದರೂ ಡಬ್ಬಿ ಸಂಜೆಯವರೆಗೆ ಹಸಿರಾಗಲಿಲ್ಲ. ಆದಾಗ ವಿಶ್ವವಿದ್ಯಾಲಯದ ಸಂದೇಶ ಬಂತು: ಪರೀಕ್ಷೆ ಇನ್ನು ಆರು ತಿಂಗಳ ನಂತರವೇ. ದಾಕ್ಷಾಯಣಿ ಗೋಡೆಗೆ ಒರಗಿ ಅತ್ತಳು. ಸಮಾಧಾನ ಮಾಡಲು ಬಂದ ಪಂಪಾಪತಿಯವರು ಯಂತ್ರದ ಪರವೇ ವಾದಿಸಿದರು. "ತಪ್ಪು ಅದ್ರದ್ದಲ್ಲ ಕಣೇ, ರೂಢಿದು. ನೀನು ದಿನಾ ನನ್ನ ಹೆಸರು ಹಿಡಿದು ಕರೆದ್ರೆ ಅದು ಕಲಿತ್ಕೊಳ್ತತಿ."

ದಾಕ್ಷಾಯಣಿ ಕಣ್ಣೊರೆಸಿಕೊಂಡಳು. "ಲೋ ಪಂಪಾಪತಿ, ಎದ್ದು ಆ ಕಾಫಿ ಲೋಟ ತೊಳಿ."

ದ್ವಾರಪಾಲಕನಿಗೆ ಎಂಟೇ ದಿನದಲ್ಲಿ ರೂಢಿಯಾಯಿತು. ಪಂಪಾಪತಿಯವರಿಗೆ ಇನ್ನೂ ಆಗಿಲ್ಲ.