ಹಲ್ಲಿನ ನೆರಳಿಗೆ ಮರಗಸಿ ಮಾಡಿಸದಿರುವ ಬಗ್ಗೆ

ಹಲ್ಲುಬೆಳಕು ಘಟಕದ ಕಾರ್ಯಾಲಯ, ಚಿಕ್ಕಮಗಳೂರು

ಸಂಖ್ಯೆ: ಹಬೆ/ನೆರಳು/37/2025-26
ದಿನಾಂಕ: 23-06-2025

ಸುತ್ತೋಲೆ

ವಿಷಯ: ಹಲ್ಲಿನ ಮೂಲಕ ಬೆಳಕು ಹಾಯಿಸಿ ನಡೆಸುವ ತಪಾಸಣೆಯ ಚೀಟಿಯಲ್ಲಿ "ನೆರಳು" ಎಂಬ ಪದವನ್ನು ಬರೆಯುವ, ಓದುವ ಹಾಗೂ ಅದರ ಮೇಲೆ ಕತ್ತಿ ಪ್ರಯೋಗಿಸುವ ಕುರಿತು.

ಉಲ್ಲೇಖ:
1. ಗೋಣಿಬೀಡು ಶಿಬಿರದಲ್ಲಿ ನೀಡಲಾದ ಹಸಿರು ಚೀಟಿ.
2. ಶ್ರೀ ರಂಗನಾಥ, ಕಾಫಿ ಬೆಳೆಗಾರರು, ಗೋಣಿಬೀಡು, ಇವರ ಮೌಖಿಕ ಹೇಳಿಕೆ.
3. ಶ್ರೀಮತಿ ರುಕ್ಮಿಣಮ್ಮ ಕೋಂ ರಂಗನಾಥ, ಇವರ ಮೌನ.

ಪ್ರಸ್ತಾವನೆ:

ಹಲ್ಲಿನ ಒಂದು ಮಗ್ಗುಲಿಗೆ ಸಣ್ಣ ದೀಪವನ್ನು ಹಿಡಿದಾಗ ಆರೋಗ್ಯವಾದ ಹಲ್ಲು ಬೆಳಕನ್ನು ಆಚೆಗೆ ಬಿಟ್ಟುಕೊಡುತ್ತದೆ. ಹುಳುಕು ಅಥವಾ ಬಿರುಕು ಇದ್ದಲ್ಲಿ ಬೆಳಕು ತಡೆದು ಕಪ್ಪು ನೆರಳು ಕಾಣುತ್ತದೆ. ನೋವಿಲ್ಲದ ಈ ತಪಾಸಣೆಯನ್ನು ಕಳೆದ ಏಪ್ರಿಲ್ ತಿಂಗಳಲ್ಲಿ ಗೋಣಿಬೀಡಿನ ಒಂದು ಸಭಾಭವನದಲ್ಲಿ ಏರ್ಪಡಿಸಲಾಗಿತ್ತು. ಅದೇ ದಿನ ಅದೇ ಭವನದ ಇನ್ನೊಂದು ಮೂಲೆಯಲ್ಲಿ ಕಾಫಿ ತೋಟದ ನೆರಳಿನ ಮರಗಳನ್ನು ಕುರಿತ ಸಲಹಾ ಸಭೆಯೂ ನಡೆಯುತ್ತಿತ್ತೆಂಬುದನ್ನೂ, ಎರಡೂ ಮೂಲೆಗಳಲ್ಲಿ ಹಸಿರು ಚೀಟಿಯನ್ನೇ ಹಂಚಲಾಯಿತೆಂಬುದನ್ನೂ ಘಟಕವು ತಡವಾಗಿ ಗಮನಿಸಿರುತ್ತದೆ.

ಘಟಕದ ದಂತವೈದ್ಯೆ ಡಾ. ನಾಗಶ್ರೀ ಅವರು ಶ್ರೀಮತಿ ರುಕ್ಮಿಣಮ್ಮನವರ ಬಾಯಿಯನ್ನು ಪರೀಕ್ಷಿಸಿ ಬರೆದುಕೊಟ್ಟ ಚೀಟಿಯ ಪೂರ್ಣಪಾಠ ಹೀಗಿದೆ: "ರುಕ್ಮಿಣಮ್ಮ. ನಂ. 37. ಕೆಳಸಾಲು, ಎಡಬದಿ, ಕೊನೆಯಲ್ಲಿ ದಟ್ಟ ನೆರಳು. ಬೇರಿಗೆ ಇಳಿಯುವ ಮುನ್ನ, ಮಳೆಗಾಲದೊಳಗೆ ತೆಗೆಸುವುದು."

ದಂತಶಾಸ್ತ್ರದ ಎಣಿಕೆಯಲ್ಲಿ 37 ಎಂಬುದು ಕೆಳದವಡೆಯ ಎಡಬದಿಯ ಎರಡನೆಯ ದವಡೆಹಲ್ಲು. ಶ್ರೀಮತಿಯವರಿಗೆ ಬುದ್ಧಿಹಲ್ಲು ಬಾರದಿರುವುದರಿಂದ ಅದೇ ಕೊನೆಯದು. ಕಂದಾಯ ದಾಖಲೆಯಲ್ಲಿ 37 ಎಂಬುದು ಅದೇ ಶ್ರೀಮತಿಯವರ ಹೆಸರಿನಲ್ಲಿರುವ ಕಾಫಿ ತೋಟದ ಸರ್ವೆ ನಂಬರು. ಈ ಎರಡು ಸಂಗತಿಗಳಿಗೆ ಘಟಕವು ಹೊಣೆಯಲ್ಲ.

ಸದರಿ ಶ್ರೀಮತಿಯವರು ಚೀಟಿಯನ್ನು ಪತಿಯ ಕೈಗೆ ಕೊಟ್ಟು, "ಇದನ್ನೊಂಚೂರು ನೋಡ್ಕೊಳ್ಳಿ, ನಾನು ತಂಗಿ ಮನೆಗೆ ಹೋಗಿ ಬರ್ತೀನಿ" ಎಂದು ಹೇಳಿ ಚಿಕ್ಕಮಗಳೂರಿನ ಬಸ್ಸು ಹತ್ತಿರುತ್ತಾರೆ. ಪತಿಯವರು ನೋಡಿಕೊಂಡಿರುತ್ತಾರೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸದಲ್ಲಿ ಪಳಗಿದ ಶ್ರೀ ತಮ್ಮಯ್ಯನವರನ್ನು ಮರುದಿನವೇ ಕರೆಸಲಾಗಿದ್ದು, ಅವರು "ಎಡ ಅಂದ್ರೆ ಮನೆ ಕಡೆಯಿಂದ ನೋಡಿದ್ರೆ ಎಡವಾ, ರಸ್ತೆ ಕಡೆಯಿಂದ ನೋಡಿದ್ರಾ ಗೌಡ್ರೇ?" ಎಂದು ಸ್ಪಷ್ಟೀಕರಣ ಕೋರಿದಾಗ, "ಬರ್ದಿರೋದು ಆಫೀಸರ್ ಮಾರಾಯ. ಅವ್ರು ತೋಟದ ಒಳಗೆ ಯಾವಾಗ ಇಳ್ದಿದಾರೆ? ರಸ್ತೇಲಿ ನಿಂತ್ಕಂಡೇ ನೋಡಿರ್ತಾರೆ" ಎಂಬ ಉತ್ತರ ನೀಡಲಾಗಿದೆ. ತತ್ಪರಿಣಾಮವಾಗಿ ಕೆಳಸಾಲಿನ ಎಡತುದಿಯಲ್ಲಿದ್ದ, ಶ್ರೀಮತಿಯವರು ವರ್ಷವೂ ಹಪ್ಪಳಕ್ಕೆ ನೆಚ್ಚಿಕೊಂಡಿದ್ದ, ಮೈತುಂಬ ಎಳೆಗಾಯಿ ಬಿಟ್ಟಿದ್ದ ಹಲಸಿನ ಮರವು ಸಂಜೆಯೊಳಗೆ ಕಂಬದಂತೆ ನಿಂತಿತು.

ತಂಗಿಯ ಮನೆಯಿಂದ ಹಿಂದಿರುಗಿದ ಶ್ರೀಮತಿಯವರು, "ಹಲ್ಲು ತೋರ್ಸಕ್ಕೆ ಒಂದು ದಿನ ಗೊತ್ತು ಮಾಡಿ ಅಂತ ಕೊಟ್ರೆ ಮರ ಬೋಳಿಸಿ ಕೂತಿದೀರಲ್ಲ. ಅದು ಚಿಗುರೋ ತನಕ ನಾನು ಬಾಯಿ ಬಿಡಲ್ಲ" ಎಂದು ಘೋಷಿಸಿ, ಅಂದಿನಿಂದ ಹಾಗೆಯೇ ನಡೆದುಕೊಂಡಿರುತ್ತಾರೆ. ಹಲ್ಲಿನ ನೆರಳು ಮಾತ್ರ ಬೇರಿನತ್ತ ಇಳಿಯುತ್ತಲೇ ಇದ್ದು, ಇನ್ನೂ ತಡವಾದರೆ ಹಲ್ಲನ್ನು ಉಳಿಸಲಾಗದೆಂದು ವೈದ್ಯೆಯವರು ಎಚ್ಚರಿಸಿದ್ದರು. ಶ್ರೀ ರಂಗನಾಥ ಅವರು ಈ ಕಚೇರಿಗೆ ಹಾಜರಾಗಿ, "ಹೇಳಿದ ಕೆಲ್ಸ ಒಂದೂ ಮಾಡಲ್ಲ ಅಂತಿದ್ಲು ಸಾರ್. ಈ ಸಲ ಮರುದಿನಾನೇ ಮಾಡಿಸ್ದೆ" ಎಂದು ಹೇಳಿಕೆ ನೀಡಿರುತ್ತಾರೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೂ, ಹಲ್ಲುಳ್ಳ ಸಾರ್ವಜನಿಕರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ನೆರಳು ಎರಡು ವಿಧ. ಬಾಯಿಯೊಳಗಿನ ನೆರಳು ದಂತವೈದ್ಯರ ವ್ಯಾಪ್ತಿಗೂ, ಹೊರಗಿನ ನೆರಳು ತೋಟದವರ ವ್ಯಾಪ್ತಿಗೂ ಒಳಪಡುತ್ತದೆ. ತುಟಿಯನ್ನು ಗಡಿಯೆಂದು ಪರಿಗಣಿಸತಕ್ಕದ್ದು. ಮೀಸೆಯ ನೆರಳು ವಿವಾದಾಸ್ಪದವಾಗಿರುವುದರಿಂದ ಅದನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು.

2. "ನೆರಳು" ಎಂಬುದರ ಬದಲು "ದಂತಾಂತರ್ಗತ ಪ್ರಕಾಶಾವರೋಧ" ಎಂದು ಬರೆಯಬೇಕೆಂಬ ಮೇ ತಿಂಗಳ ಆದೇಶವನ್ನು ಹಿಂಪಡೆಯಲಾಗಿದೆ. ಮಲ್ಲಂದೂರಿನ ರೋಗಿಯೊಬ್ಬರು ಸದರಿ ಪದವನ್ನು ಓದಿ, ಕರೆಂಟು ಹೋಗುವ ಸೂಚನೆಯೆಂದು ಭಾವಿಸಿ, ಚೀಟಿಯನ್ನು ಲೈನ್‌ಮ್ಯಾನ್ ಶ್ರೀ ರುದ್ರೇಶ್ ಅವರಿಗೆ ತಲುಪಿಸಿದರು. ಅವರು ಸ್ಥಳಕ್ಕೆ ಬಂದು ಪರಿಶೀಲಿಸಿ, "ಕಂಬದ ತನಕ ಸರಿ ಇದೆ, ಒಳಗಿಂದು ನಿಮ್ದೇ" ಎಂದು ಷರಾ ಬರೆದು ಹೋಗಿರುತ್ತಾರೆ. ಪದವನ್ನು ರಚಿಸಿದವರು ಈ ಕೆಳಗೆ ಸಹಿ ಮಾಡಿದವರೇ ಆಗಿದ್ದು, ಆದೇಶವನ್ನು ಹಿಂಪಡೆದ ಮಾತ್ರಕ್ಕೆ ಪದದ ಸಂಧಿಯಲ್ಲಿ ದೋಷವಿದೆಯೆಂದು ಯಾರೂ ಭಾವಿಸತಕ್ಕದ್ದಲ್ಲ.

3. ಎಡ ಎಂದರೆ ರೋಗಿಯ ಎಡ. ರೋಗಿ ಮಲಗಿದರೂ, ತಿರುಗಿದರೂ, ರಸ್ತೆಯಿಂದ ಕಂಡರೂ ಅದು ಬದಲಾಗದು.

4. ಹಲ್ಲುಗಳಿಗೆ ಪಹಣಿ ಇರುವುದಿಲ್ಲ. ಕಿತ್ತ ಹಲ್ಲಿನ ಜಾಗಕ್ಕೆ ಖಾತೆ ಬದಲಾವಣೆ ಕೋರಿ ಅರ್ಜಿ ಸಲ್ಲಿಸಬಾರದು. ಸಾಲು ಬಿಟ್ಟು ಬೆಳೆದ ಹಲ್ಲನ್ನು ಒತ್ತುವರಿಯೆಂದು ಪರಿಗಣಿಸಲಾಗುವುದಿಲ್ಲ. ಅದನ್ನು ಸಕ್ರಮಗೊಳಿಸುವ ಅಧಿಕಾರವೂ ಈ ಘಟಕಕ್ಕಿಲ್ಲ.

5. ಬೇರಿನ ಚಿಕಿತ್ಸೆಗೆ ಬರುವವರು ಗೊಬ್ಬರ ತರಬಾರದು.

6. ತಪಾಸಣೆಯ ದೀಪವನ್ನು ವ್ಯಕ್ತಿಗೆ ಅಂಟಿಕೊಂಡಿರುವ ಹಲ್ಲಿಗೆ ಮಾತ್ರ ಹಿಡಿಯತಕ್ಕದ್ದು. ಕರವಸ್ತ್ರದಲ್ಲಿ ಸುತ್ತಿ ತಂದ ಹಲ್ಲುಸೆಟ್ಟು, ಕೋಳಿಮೊಟ್ಟೆ, ಐನೂರರ ನೋಟು ಹಾಗೂ ನೆರೆಮನೆಯವರ ಕಾಫಿಬೀಜಗಳ ಮೂಲಕ ಬೆಳಕು ಹಾಯಿಸುವಂತೆ ಸಿಬ್ಬಂದಿಯ ಮೇಲೆ ಒತ್ತಡ ತರುವುದನ್ನು ನಿಷೇಧಿಸಲಾಗಿದೆ. ಇದಕ್ಕೆ ಯಾವುದೇ ವಿನಾಯಿತಿ ಇರುವುದಿಲ್ಲ.

7. "ಬಾಯಿ ಬಿಡಲ್ಲ" ಎಂಬುದಕ್ಕೆ ಮಾತನಾಡುವುದಿಲ್ಲ ಎಂದೂ, ಬಾಯಿ ತೆರೆಯುವುದಿಲ್ಲ ಎಂದೂ ಎರಡರ್ಥ ಬರುವುದರಿಂದ, ಮಾತನಾಡದೆಯೇ ಬಾಯಿ ತೆರೆಯಬಹುದೆಂಬ ಅಭಿಪ್ರಾಯವನ್ನು ಘಟಕವು ಶ್ರೀಮತಿಯವರಿಗೆ ರವಾನಿಸಿತ್ತು. ಅವರು ಅದನ್ನು ಓದಿ, ಮಡಿಸಿ, ಒಲೆಗೆ ಹಾಕಿದರೆಂದು ತಿಳಿದುಬಂದಿದೆ. ಆದ್ದರಿಂದ ಎರಡೂ ಅರ್ಥಗಳು ಊರ್ಜಿತವಾಗಿವೆ.

8. ಶ್ರೀ ರಂಗನಾಥ ಅವರು ಮರ ಚಿಗುರಿದೆಯೆಂದು ಕಳೆದ ವಾರ ವರದಿ ಮಾಡಿದ ಮೇರೆಗೆ, ವೈದ್ಯೆಯವರೊಂದಿಗೆ ಈ ಕೆಳಗೆ ಸಹಿ ಮಾಡಿದವರು ಸ್ಥಳ ತನಿಖೆ ನಡೆಸಿದರು. ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದಿತ್ತು. ಕಾಂಡದ ಮೇಲೆ, ಎದೆಯೆತ್ತರದಲ್ಲಿ, ಎಲೆಯಂಥದೊಂದು ಕಂಡುಬಂದಿತು. "ಚಿಗುರೇ ಸಾರ್ ಅದು" ಎಂದು ತಮ್ಮಯ್ಯನವರು ಸಾಕ್ಷಿ ನುಡಿದರು. ಎಲ್ಲಿಂದಲೋ ಹಾರಿಬಂದ ಎಲೆ ಒದ್ದೆ ತೊಗಟೆಗೆ ಅಂಟಿಕೊಂಡಿದೆಯೆಂದು ಶ್ರೀಮತಿಯವರು ಕೈಸನ್ನೆಯಲ್ಲಿ ಆಕ್ಷೇಪಿಸಿದರು. ಅಂಟಿಸಿದವರು ಯಾರೆಂಬಂತೆ ಪತಿಯತ್ತ ನೋಡಿದ್ದನ್ನೂ ದಾಖಲಿಸಲಾಗಿದೆ. ಆಗ ವೈದ್ಯೆಯವರು, ಕಂಡಿಕೆ 6ನ್ನು ಅದು ಹೊರಡುವ ಮೊದಲೇ ಉಲ್ಲಂಘಿಸಿ, ದೀಪವನ್ನು ಎಲೆಯ ಹಿಂದೆ ಹಿಡಿದರು. ಬೆಳಕು ಆಚೆಗೆ ಹಾಯ್ದು, ಎಳೆಹಸಿರಿನೊಳಗೆ ಒಂದೊಂದು ನರವೂ ತೊಟ್ಟಿನವರೆಗೆ, ತೊಟ್ಟು ತೊಗಟೆಯವರೆಗೆ ಸ್ಪಷ್ಟವಾಗಿ ಕಂಡಿತು. ನೆರಳು ಎಲ್ಲಿಯೂ ಇರಲಿಲ್ಲ.

ಶ್ರೀಮತಿಯವರು ಹತ್ತಿರ ಬಂದು, ಬಗ್ಗಿ ನೋಡಿ, "ಚಿಗುರೇ ಕಣ್ರೀ" ಎಂದರು.

9. "ಹಾಗೇ ಇರ್ಲಿ ಅಮ್ಮ, ಮುಚ್ಚಬೇಡಿ" ಎಂದು ವೈದ್ಯೆಯವರು ಕೋರಿ, ಅದೇ ದೀಪದಿಂದ, ಅದೇ ನಿಲುವಿನಲ್ಲಿ ಹಲ್ಲು ನಂ. 37ರ ತಪಾಸಣೆಗೆ ತೊಡಗಿದರು. ಆದರೆ ತಪಾಸಣೆಗೆ ಮಬ್ಬು ಬೆಳಕು ಅವಶ್ಯವಾಗಿದ್ದು, ಸರ್ವೆ ನಂ. 37ರ ಆ ತುದಿಯಲ್ಲಿ ನೆರಳೆಂಬುದು ಲಭ್ಯವಿಲ್ಲದ ಕಾರಣ, ಶ್ರೀ ರಂಗನಾಥ ಅವರು ಛತ್ರಿ ಬಿಚ್ಚಿ ಪತ್ನಿಯ ತಲೆಯ ಮೇಲೆ ಹಿಡಿದು ನಿಲ್ಲಬೇಕಾಯಿತು. ನೆರಳು ಬೇರನ್ನು ಮುಟ್ಟಿಲ್ಲವೆಂದು ದೃಢಪಟ್ಟು, ಮರುದಿನ ಹುಳುಕನ್ನು ತೆಗೆದು ಹಲ್ಲನ್ನು ತುಂಬಿಸಲಾಗಿದೆ. ಹಲ್ಲು ಉಳಿದಿರುತ್ತದೆ.

ತಪಾಸಣೆ ಮುಗಿದ ಕೂಡಲೇ ಶ್ರೀಮತಿಯವರು ಛತ್ರಿಯತ್ತ ನೋಡಿ, "ಈಗ ಹಿಡೀರಿ ನೆರಳು" ಎಂದರು. ತಪಾಸಣೆ ಮುಗಿದರೂ ಛತ್ರಿ ಮಡಿಸಲು ಪತಿಯವರಿಗೆ ಅನುಮತಿ ದೊರೆತಿಲ್ಲ. ಅವರು ಮನೆಯ ಮೆಟ್ಟಿಲವರೆಗೂ ಅದನ್ನು ಹಿಡಿದೇ ನಡೆದುದನ್ನೂ, ಶ್ರೀಮತಿಯವರು ದಾರಿಯುದ್ದಕ್ಕೂ ಬಾಯಿ ಬಿಟ್ಟಿದ್ದನ್ನೂ ತನಿಖಾ ತಂಡವು ಗಮನಿಸಿ, ಈ ಕಡತವನ್ನು ಮುಕ್ತಾಯಗೊಳಿಸಿದೆ.

ಸಹಿ/-
(ಪರಮೇಶ್ವರಪ್ಪ)
ಅಧೀಕ್ಷಕರು, ಹಲ್ಲುಬೆಳಕು ಘಟಕ

ಪ್ರತಿಗಳು:
1. ಡಾ. ನಾಗಶ್ರೀ, ದಂತವೈದ್ಯೆ: ಕಂಡಿಕೆ 6ರ ಉಲ್ಲಂಘನೆಗೆ ಸಮಜಾಯಿಷಿ ಹಾಗೂ ಅಭಿನಂದನೆಗಾಗಿ. ಮುಂದೆ ಬಿಳಿ ಚೀಟಿ ಬಳಸುವುದು.
2. ಶ್ರೀ ರುದ್ರೇಶ್, ಲೈನ್‌ಮ್ಯಾನ್: ಮಾಹಿತಿಗಾಗಿ. ಕಂಬ ಹತ್ತುವ ಅಗತ್ಯವಿಲ್ಲ.
3. ಶ್ರೀ ತಮ್ಮಯ್ಯ: ಹಸಿರು ಚೀಟಿ ಕಂಡಲ್ಲಿ ಕತ್ತಿಯನ್ನು ಮೊದಲು ಕೆಳಗಿಡುವ ಸೂಚನೆಯೊಂದಿಗೆ.
4. ಶ್ರೀಮತಿ ರುಕ್ಮಿಣಮ್ಮ: ಒಲೆಗೆ ಹಾಕುವ ಮುನ್ನ ಓದಲು.
5. ಶ್ರೀ ರಂಗನಾಥ: ಕ್ರಮ ಸಂಖ್ಯೆ 4ರವರು ಓದಿ, ಅರ್ಥ ಹೇಳಿದ ನಂತರ.
6. ಹಲಸಿನ ಮರ, ಸರ್ವೆ ನಂ. 37, ಕೆಳಸಾಲು: ಮೊಳೆ ಹೊಡೆಯದೆ, ದಾರದಲ್ಲಿ ಕಟ್ಟುವುದು.