ಪ್ಯಾಸೇಜಿನಲ್ಲಿಟ್ಟ ಕಳ್ಳಿ

ಮುಂಬಯಿಯ ಮನುಷ್ಯ ಏನನ್ನು ಬೇಕಾದರೂ ಬಿಟ್ಟುಕೊಡುತ್ತಾನೆ. ಲೋಕಲ್ ರೈಲಿನಲ್ಲಿ ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಮಾಡಿಕೊಡುತ್ತಾನೆ, ಗುರುತಿಲ್ಲದವನ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಆದರೆ ತನ್ನ ಬಾಗಿಲಿನ ಹೊರಗಿರುವ ಗೇಣಗಲದ ಪ್ಯಾಸೇಜನ್ನು ಮಾತ್ರ ಬಿಡಲಾರ. ನಿಜ ಹೇಳಬೇಕೆಂದರೆ ಅದು ಅವನದಲ್ಲ, ಇಡೀ ಸೊಸೈಟಿಯದು. ತನ್ನದಲ್ಲದ ಜಾಗಕ್ಕಾಗಿ ಜಗಳವಾಡುವ ಹುಮ್ಮಸ್ಸೇ ಬೇರೆ. ನಾನೂ ಇದಕ್ಕೆ ಹೊರತಲ್ಲ. ಕನ್ನಡ ಸಂಘದ ವೇದಿಕೆಯಲ್ಲಿ "ಕರಾವಳಿಯವರೇನು, ಬಯಲುಸೀಮೆಯವರೇನು, ಇಲ್ಲಿಗೆ ಬಂದ ಮೇಲೆ ನಾವೆಲ್ಲ ಒಂದೇ ಮನೆಯವರು" ಎಂದು ಭಾಷಣ ಬಿಗಿದು, ಚಪ್ಪಾಳೆ ಹೊಡೆಸಿಕೊಂಡು ಬಂದವನು ನಾನು. ಹಾಗೆ ಬಂದು ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಬಯಲುಸೀಮೆಯ ಚಪ್ಪಲಿಗಳು.

ಮಲಾಡಿನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಎದುರು ಮನೆಯವರು ವಿಜಯಪುರದ ಕಡೆಯ ನೀಲಕ್ಕ. ಮಗ ಕಟ್ಟಡದ ಕೆಲಸಕ್ಕೆ ಜನರನ್ನು ಒದಗಿಸುತ್ತಾನೆ. ಊರಿನಿಂದ ಹೊಸದಾಗಿ ಬಂದವರೆಲ್ಲ ಭಾನುವಾರ ಅವರಲ್ಲಿಗೆ ರೊಟ್ಟಿ ಊಟಕ್ಕೆ ಬರುತ್ತಾರೆ. ಅವರ ಚಪ್ಪಲಿಗಳು ಮೊದಲು ನೀಲಕ್ಕನ ಬಾಗಿಲಲ್ಲಿ ಸಾಲಾಗಿ ನಿಂತು, ಆಮೇಲೆ ಹರಡಿ, ಮಧ್ಯಾಹ್ನದ ಹೊತ್ತಿಗೆ ನನ್ನ ಹೊಸ್ತಿಲನ್ನು ಮುಟ್ಟುತ್ತವೆ. ಒಂದಿಷ್ಟು ಸಿಮೆಂಟೂ ಉದುರಿರುತ್ತದೆ. ನೇರವಾಗಿ ಹೇಳೋಣವೆಂದರೆ ಭಾಷಣ ಅಡ್ಡ ಬರುತ್ತದೆ. ನನ್ನ ಹೆಂಡತಿ ಸುಜಾತಾ, "ಊಟಕ್ಕೆ ಬಂದವರು ಚಪ್ಪಲಿಯನ್ನು ತಲೆ ಮೇಲೆ ಇಟ್ಕೊಳ್ಬೇಕಾ ಮಾರಾಯ್ರೆ?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಬಾಯಿ ಮುಚ್ಚಿದವನ ತಲೆ ಸುಮ್ಮನಿರುವುದಿಲ್ಲ ನೋಡಿ.

ಹಾಗೆ ಒಂದು ಸಂಜೆ ಬೈಕುಲ್ಲಾದ ಆಫೀಸಿನಿಂದ ಬರುವಾಗ ನರ್ಸರಿಯೊಂದರಲ್ಲಿ ಆ ಕಳ್ಳಿಯನ್ನು ಕಂಡೆ. ಎಲೆಯಿಲ್ಲ, ಕೊಂಬೆಯಿಲ್ಲ, ಗುಂಡಗೆ ಪೀಪಾಯಿಯ ಹಾಗೆ ಕುಳಿತಿತ್ತು. ಮೈತುಂಬ ಮೇಲಿನಿಂದ ಕೆಳಗೆ ಇಳಿದ ಏಣುಗಳು, ಏಣಿನುದ್ದಕ್ಕೂ ಮುಳ್ಳಿನ ಗೊಂಚಲುಗಳು, ಒಂದೊಂದು ಗೊಂಚಲಿನ ನಡುವೆಯೂ ಮೀನಿನ ಗಾಳದಂತೆ ಬಾಗಿದ ದಪ್ಪ ಮುಳ್ಳು. ಅಮೆರಿಕದ ಮರುಭೂಮಿಯದಂತೆ. ಕುಂಡವನ್ನು ಎದೆಗೊತ್ತಿಕೊಂಡು ಲೋಕಲ್ ಹತ್ತಿದೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಸಂಜೆಯ ಗರ್ದಿಯಲ್ಲಿ ನನ್ನ ಸುತ್ತ ಜಾಗ ಬಿಟ್ಟು ಜನ ನಿಂತರು. ರೈಲಿನಲ್ಲೇ ಈ ಪ್ರಭಾವ ಬೀರುವ ಗಿಡ ಪ್ಯಾಸೇಜಿನಲ್ಲಿ ಏನೇನು ಮಾಡಲಿಕ್ಕಿಲ್ಲ ಎಂದು ಮನಸ್ಸು ಕುಣಿಯಿತು. ಎರಡು ಬಾಗಿಲುಗಳ ನಡುವೆ ಸರಿಯಾಗಿ ಅಳೆದು ಇಟ್ಟೆ. ಮರುದಿನ ಅದಕ್ಕೆ ಸಿಕ್ಕಿಬಿದ್ದ ಮೊದಲ ಬೇಟೆ ಹಾಲಿನ ಪ್ಯಾಕೆಟ್ ತರಲು ಹೋದ ನನ್ನದೇ ಲುಂಗಿ. ಬಿಡಿಸಿಕೊಳ್ಳಲು ಎಳೆದಷ್ಟೂ ಗಾಳ ಬಿಗಿಯಾಯಿತು, ಲುಂಗಿ ಸಡಿಲವಾಯಿತು. ಆಗಲೇ ನೀಲಕ್ಕ ಬಾಗಿಲು ತೆರೆಯಬೇಕೆ? ನೋಡಿಯೂ ನೋಡದವರಂತೆ ಮುಖ ತಿರುಗಿಸಿ, ಬಟ್ಟೆ ಸರಿಮಾಡಿಕೊಳ್ಳುವಷ್ಟು ಹೊತ್ತು ಕೊಟ್ಟು ಆಮೇಲೆ ಮಾತಾಡಿದರು.

"ನಮ್ ಕಡೆ ಹೊಲದಾಗ ದನ ಹೋಗಬಾರದಂತ ಕಳ್ಳಿ ಹಚ್ತಾರ್ರಿ ಅಣ್ಣಾರ. ನೀವು ಕುಂಡದಾಗ ಇಟ್ಟು ಜ್ವಾಕಿ ಮಾಡಾಕ ಹತ್ತೀರಲ್ರಿ," ಎಂದರು.

ದನ ಎಂಬ ಮಾತು ನನ್ನ ಮುಳ್ಳಿಗಿಂತ ಚೂಪಾಗಿ ಚುಚ್ಚಿತು. ಚುಚ್ಚಿಸಿಕೊಂಡವನು ಸುಮ್ಮನಿರಬೇಕಿತ್ತು. ನಾನು ಸುಳ್ಳು ಹೇಳಿದೆ. ಮಗಳು ಮದುವೆಯಾಗಿ ಪುಣೆಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ, ಇದನ್ನೇ ಮಗಳೆಂದು ಸಾಕುತ್ತಿದ್ದೇನೆ, ಈ ಪ್ಯಾಸೇಜಿನಲ್ಲಾದರೆ ಕಿಟಕಿಯ ಬೆಳಕು ಸಿಗುತ್ತದೆ ಎಂದೆ. ಕೊನೆಗೆ ದನಿಯನ್ನು ಸ್ವಲ್ಪ ಗದ್ಗದವಾಗಿಸಿಕೊಂಡೆ. ನೀಲಕ್ಕನ ಮುಖ ಮೆತ್ತಗಾಯಿತು. ಮೆಲ್ಲಗೆ ಬಾಗಿಲೆಳೆದುಕೊಂಡು ಒಳಗೆ ಹೋದರು.

ಆಮೇಲಿನ ಮಳೆಗಾಲದಲ್ಲಿ ಕಳ್ಳಿ ಉಬ್ಬುತ್ತಾ ಬಂತು. ನಾನು ಮೊಬೈಲಿನಲ್ಲಿ ಓದಿ ಅರ್ಧ ಸಸ್ಯಶಾಸ್ತ್ರಜ್ಞನಾಗಿದ್ದೆ. ಅದರ ಎಲೆಗಳೇ ಮುಳ್ಳಾಗಿವೆಯಂತೆ, ಅಡುಗೆಯ ಕೆಲಸವನ್ನೆಲ್ಲ ಹಸಿರು ಕಾಂಡವೇ ವಹಿಸಿಕೊಂಡಿದೆಯಂತೆ. ನೀರು ಸಿಕ್ಕಾಗ ಏಣುಗಳು ಹಿಗ್ಗುತ್ತವೆ, ಬರ ಬಂದಾಗ ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುತ್ತವೆ. ವಯಸ್ಸಾದ ಮೇಲೆ ನೆತ್ತಿಯ ಸುತ್ತ ಹೂಗಳ ಉಂಗುರ ಮೂಡುತ್ತದೆ. ನಮ್ಮದು ಹಿಗ್ಗಿದ್ದು ಕಂಡು ಇದೆಲ್ಲ ನನ್ನ ಕೈಗುಣ ಎಂದುಕೊಂಡೆ. ನಾನು ಹನಿ ನೀರೂ ಹಾಕಿರಲಿಲ್ಲ ಎಂಬುದು ನೆನಪಾಗಲೇ ಇಲ್ಲ. ಸ್ವಲ್ಪ ದಿನಕ್ಕೆ ಅದು ಒಂದು ಬದಿಗೆ ವಾಲತೊಡಗಿತು. ಮರುಭೂಮಿಯಲ್ಲಿ ಈ ಜಾತಿ ದಕ್ಷಿಣಕ್ಕೆ ವಾಲುತ್ತದೆ, ದಾರಿಹೋಕರಿಗೆ ದಿಕ್ಕು ತೋರಿಸುತ್ತದೆ ಎಂದು ಓದಿದ್ದೆನಲ್ಲ, ಮೊಬೈಲಿನ ದಿಕ್ಸೂಚಿ ಹಿಡಿದು ನೋಡಿದೆ. ಹೌದು, ದಕ್ಷಿಣವೇ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅದೇ ಉಪನ್ಯಾಸವಾಯಿತು. ಸೊಸೈಟಿಯ ಸೆಕ್ರೆಟರಿಯನ್ನು ಕರೆತಂದೇ ತೋರಿಸಿದೆ. ಅವರು ಮೂಗು ಮುಚ್ಚಿಕೊಂಡು "ಅಚ್ಛಾ ಹೈ" ಎಂದು ಬೇಗ ಹೊರಟುಹೋದರು. ಯಾಕೆ ಮೂಗು ಮುಚ್ಚಿಕೊಂಡರು ಎಂದು ಆಗ ನನಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಸುಜಾತಾಳ ಪೊರಕೆ ತಾಗಿದ್ದೇ ನೆಪ, ಕಳ್ಳಿ ಮಗುಚಿಬಿತ್ತು. ಮೇಲೆಲ್ಲ ಹಸಿರು, ಬುಡದಲ್ಲಿ ನಾರುವ ಕಂದು ಲೋಳೆ. ಬೇರು ಎಂದೋ ಕೊಳೆತುಹೋಗಿತ್ತು. ಅದು ವಾಲಿದ್ದು ದಕ್ಷಿಣಕ್ಕಲ್ಲ, ಸಾವಿನ ಕಡೆಗೆ. ಸದ್ದಿಗೆ ನೀಲಕ್ಕ ಓಡಿ ಬಂದರು. ಕೈಯಲ್ಲಿ ನೀರಿನ ತಂಬಿಗೆ. ಎರಡು ಬೆರಳಿಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿತ್ತು. ಕಳ್ಳಿಯನ್ನು ನೋಡಿ ಅಲ್ಲೇ ಕುಸಿದು ಕುಳಿತರು. ಅಳುತ್ತಾ ಹೇಳಿದ್ದು ಇಷ್ಟು: ನಾವು ಹೊರಗೆ ಹೋದ ಮೇಲೆ ದಿನಾ ತಾವೇ ನೀರು ಹಾಕುತ್ತಿದ್ದರು, ಏಣುಗಳ ನಡುವಿನ ಧೂಳನ್ನು ಬೆರಳಿನಿಂದ ತೆಗೆಯುತ್ತಿದ್ದರು. ಊಟಕ್ಕೆ ಬಂದ ಹುಡುಗರಿಗೂ ಆ ಕುಂಡಕ್ಕೆ ಕಾಲು ತಾಗಿಸಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದರು.

"ಹೊಲದ ಕಳ್ಳಿಗೆ ಯಾರೂ ನೀರು ಹಾಕಂಗಿಲ್ರಿ, ನನಗ ಗೊತ್ತೈತಿ. ಆದ್ರ ಇದು ಮಗಳ ಹಂಗ ಅಂದ್ರಲ್ರಿ ನೀವು. ಮಗಳ್ನ ನೀರಡಿಸಾಕ ಹ್ಯಾಂಗ ಬಿಡೂದು ಅಂತ ಹಾಕಿದ್ನಿ. ನಾನೇ ಕೊಂದೆ. ನನ್ನ ಕ್ಷಮಾ ಮಾಡ್ರಿ ಅಣ್ಣಾರ," ಎಂದು ಆ ಬಟ್ಟೆ ಸುತ್ತಿದ ಕೈಯನ್ನೇ ಜೋಡಿಸಿದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಮೂರನೆಯ ಮಹಡಿಯಲ್ಲಿರುವವನಿಗೆ ಆ ಅನುಕೂಲವೂ ಇಲ್ಲ. ನಿಜ ಹೇಳಲು ಬಾಯಿ ತೆರೆದೆ. ತೆರೆದ ಬಾಯಿಯಿಂದ, "ಇರಲಿ ನೀಲಕ್ಕ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಾನೇನೂ ತಪ್ಪು ತಿಳಿಯುವುದಿಲ್ಲ" ಎಂಬ ಮಾತು ಬಂತು. ಹೌದು, ನಾನು ಅವರನ್ನು ಕ್ಷಮಿಸಿದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಸುಜಾತಾ ಪೊರಕೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳು ಆ ಪೊರಕೆಯನ್ನು ನೆಲಕ್ಕಷ್ಟೇ ಬಳಸಿದ್ದು ಅವಳ ಒಳ್ಳೆಯತನ.

ಈಗ ಭಾನುವಾರಗಳಲ್ಲಿ ಪ್ಯಾಸೇಜು ಖಾಲಿ. ಊಟಕ್ಕೆ ಬಂದವರು ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಬಿಟ್ಟು, ಕುಂಡವಿದ್ದ ಜಾಗವನ್ನು ಸುತ್ತು ಹಾಕಿ, ದನಿ ತಗ್ಗಿಸಿ ಒಳಗೆ ಹೋಗುತ್ತಾರೆ. ಅಣ್ಣಾರಿಗೆ ನೋವಾದೀತು ಎಂದು ನೀಲಕ್ಕ ಹೇಳಿಟ್ಟಿದ್ದಾರಂತೆ. ನಾನು ಬಯಸಿದ್ದ ಅಷ್ಟೂ ಜಾಗ ಪೂರ್ತಿ ಸಿಕ್ಕಿದೆ. ಬಾಗಿಲು ತೆರೆದರೆ ಅದನ್ನು ನೋಡಲಾಗುವುದಿಲ್ಲ. "ಹೋಗಿ ನಿಜ ಹೇಳಿ ಬನ್ನಿ," ಎನ್ನುತ್ತಾಳೆ ಸುಜಾತಾ. ಅಂಗಿ ಹಾಕಿಕೊಂಡು ಹೊಸ್ತಿಲವರೆಗೆ ಹೋಗಿ ತಿರುಗಿ ಬರುತ್ತೇನೆ. ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದ್ದರಿಂದ, ನಾಲ್ಕು ಜನ ಓದುವ ಹಾಗೆ ಎಲ್ಲವನ್ನೂ ಇಲ್ಲಿ ಬರೆದು ಹೇಳಿದ್ದೇನೆ. ಬರೆಯಲು ಕೂರುವ ಮೊದಲು ಒಂದನ್ನು ಮಾತ್ರ ವಿಚಾರಿಸಿಕೊಂಡೆ: ನೀಲಕ್ಕನ ಮನೆಗೆ ಕನ್ನಡ ಪತ್ರಿಕೆ ಬರುವುದಿಲ್ಲ.