ಟ್ಯಾಂಕ್ ಪಡೆಯಲ್ಲಿ ಸೀಟು ಸಿಗದವನು

ಓದಿದವನಿಗೆ ಆಗುವ ಫಜೀತಿಗಳು ಓದದವನಿಗೆ ಆಗುವುದಿಲ್ಲ. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಟ್ಯಾಂಕ್ ಪಡೆಗಳನ್ನು ಹೇಗೆ ಕಟ್ಟಿದ್ದರು ಎಂಬುದರ ಮೇಲೆ ಪಿಎಚ್.ಡಿ. ಮಾಡಿದ್ದೇನೆ. ಜಮಖಂಡಿಯಿಂದ ಮುಧೋಳದವರೆಗೆ ಅದು ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದ ಒಬ್ಬರಿಗೆ ನಾನು ತಪ್ಪು ಹೇಳಿದೆ.

೧. ಕುದುರೆ ಇಲ್ಲದ ಕುದುರೆ ಪಡೆ

ಒಮ್ಮೆ ತರಗತಿಯಲ್ಲಿ, ಪಠ್ಯದಲ್ಲಿ ಇಲ್ಲದಿದ್ದರೂ, ನನ್ನ ವಿಷಯ ತೆಗೆದೆ. ಬ್ರಿಟಿಷರ ಹಳೆಯ ಕುದುರೆ ಪಡೆಗಳು ಕುದುರೆ ಬಿಟ್ಟು ಟ್ಯಾಂಕ್ ಹತ್ತಿದವು, ಆದರೆ ಕುದುರೆ ಪಡೆ ಎಂಬ ಹೆಸರನ್ನು ಮಾತ್ರ ಬಿಡಲಿಲ್ಲ ಎಂದೆ. ಇದರಲ್ಲಿ ನಗು ಇದೆ ಎಂದು ನಾನು ತಿಳಿದಿದ್ದೆ. ಯಾರೂ ನಗಲಿಲ್ಲ.

ಬನಹಟ್ಟಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಮ್ಮ ಅಡ್ಡಹೆಸರು ಮಗ್ಗದ ಅಂತ. ಮನ್ಯಾಗಿನ ಮಗ್ಗ ಮಾರಿ ಮೂರ ವರ್ಷ ಆತ್ರಿ.”

“ಹೌದಮ್ಮಾ, ಇದೂ ಹಾಗೇ,” ಎಂದೆ.

“ಹಂಗ ಹೆಂಗಾಗ್ತದರಿ ಸರ್? ಅವರಿಗೆ ಕುದರಿ ಹೋದ ಮ್ಯಾಲೆ ಟ್ಯಾಂಕ್ ಆದ್ರೂ ಸಿಕ್ತು.”

೨. ಸೀಟಿನ ಲೆಕ್ಕ

ನನ್ನ ವಿಷಯದ ಸುದ್ದಿ ಹೇಗೋ ಬೀಳಗಿ ಮುಟ್ಟಿತು. ಅಲ್ಲಿಂದ ಎಂಬತ್ತು ದಾಟಿದ ಒಬ್ಬ ನಿವೃತ್ತ ಮಾಸ್ತರರು ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ತಂದೆಯ ಸೈನ್ಯದ ಕಾಗದ, ಒಂದೇ ಹಾಳೆ.

“ನಮ್ಮಪ್ಪ ಬರ್ಮಾ ಯುದ್ಧದಾಗ ಟ್ಯಾಂಕ್ ನಡಸ್ಯಾನ್ರಿ. ಯಾವ ಟ್ಯಾಂಕು, ಎಲ್ಲಿ ಕುಂತಿದ್ದ, ಅಷ್ಟ ಹೇಳ್ರಿ. ತಿಳಕೊಂಡ ಹೋಗ್ತೀನಿ.”

ಕಾಗದ ನೋಡಿದೆ. ಸಾಮಾನು ಸಾಗಿಸುವ ವಿಭಾಗ, ಲಾರಿ ಚಾಲಕ. ಹದಿನೈದು ವರ್ಷ ಯಾರೂ ಕೇಳದ ಪಾಠವನ್ನು ನಾನು ಸಂತೋಷದಿಂದ ಒಪ್ಪಿಸಿದೆ. ಮೂರೋ ನಾಲ್ಕೋ ಟ್ಯಾಂಕಿಗೆ ಒಂದು ಟ್ರೂಪ್, ನಾಲ್ಕೈದು ಟ್ರೂಪಿಗೆ ಒಂದು ಸ್ಕ್ವಾಡ್ರನ್, ಅಂಥ ಮೂರು ಸೇರಿದರೆ ರೆಜಿಮೆಂಟು. ಟ್ಯಾಂಕಿಗೆ ನಾಲ್ಕೈದು ಜನ. “ಈ ಪಟ್ಟಿಯಲ್ಲಿ ನಿಮ್ಮ ತಂದೆಗೆ ಸೀಟೇ ಇಲ್ಲ,” ಎಂದೆ.

ಮಾಸ್ತರರು ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಬಾಗಿಲಲ್ಲಿ ನಿಂತು ಕೇಳಿದರು: “ಅಷ್ಟು ಟ್ಯಾಂಕಿನಾಗ ಒಂದರಾಗೂ ಜಾಗಾ ಇರಲಿಲ್ಲೇನ್ರಿ? ಮಹಾಲಿಂಗಪುರದ ಬಸ್ಸಿನಾಗ ನಿಂತಾದ್ರೂ ಹೋಗ್ತಾರ.”

೩. ತಪ್ಪಾತು

ಆ ದಿನವೇ ಮಾಸ್ತರರು ಅಪ್ಪನ ಫೋಟೊ ಗೋಡೆಯಿಂದ ಇಳಿಸಿ ಟ್ರಂಕಿನಲ್ಲಿಟ್ಟರಂತೆ. ವಾರ ಬಿಟ್ಟು ನನ್ನನ್ನು ಕರೆದುಕೊಂಡು ಮಹಾಲಿಂಗಪುರಕ್ಕೆ ಹೊರಟರು. ಅಲ್ಲಿ ಬೆಲ್ಲದ ದಲಾಲಿ ಅಂಗಡಿ ಇಟ್ಟಿರುವ ಸಾಹುಕಾರರು ಅವರ ಶಾಲೆಯ ಗೆಳೆಯ. “ನಿಮ್ಮಪ್ಪ ಟ್ಯಾಂಕ್ ಕಂಡೂ ಇಲ್ಲ, ಸುಳ್ಳ” ಅಂದದ್ದಕ್ಕೆ ಚಿಕ್ಕಂದಿನಲ್ಲಿ ಇವರಿಂದ ಏಟು ತಿಂದವರು.

“ನೀ ಅಂದದ್ದ ಖರೆ ಇತ್ತೋ. ನಮ್ಮಪ್ಪನೇ ಸುಳ್ಳ ಹೇಳಿದ್ದ. ನಿನ್ನ ಎರಡ ಹಲ್ಲ ಮುರದೆ. ತಪ್ಪಾತು,” ಎಂದು ಮಾಸ್ತರರು ಕೈ ಮುಗಿದರು. ನಾನು ಸಾಕ್ಷಿಯಾಗಿ ತಲೆಯಾಡಿಸಿದೆ.

ಸಾಹುಕಾರರು ಬಾಯಿ ತೆರೆದು ಕೂತರು. “ಮುರದವ ನೀನ? ಹಿಂದಿನಿಂದ ಬಂದು ಹೊಡದು ಕೆಡವಿದ್ದಿ, ಮುಖಾ ಎಲ್ಲಿ ಕಂಡೀತು? ನಾ ನಿನ್ನ ತಮ್ಮ ಅಂತ ತಿಳಿದು ಅವನ ಜೋಡಿ ಮಾತ ಬಿಟ್ಟಿದ್ನಲ್ಲೋ!”

ಮಾಸ್ತರರ ತಮ್ಮ ತೀರಿಹೋಗಿ ಎಂಟು ವರ್ಷವಾಗಿತ್ತು. ಸಾಹುಕಾರರೇ ಅಂದರು: “ಪಾಪ, ಅವನ ಮದವಿಗೂ ನಾ ಹೋಗಲಿಲ್ಲ. ತುಪ್ಪಾ ಸಕ್ಕರಿ ಹಾಕಿದ ಮಂಡಗಿ ಊಟ ಇತ್ತಂತ.”

೪. ಎರಡನೇ ಹಾಳೆ

ವರ್ಷದ ಮೇಲೆ ಮುಧೋಳದಲ್ಲಿರುವ ಮಾಸ್ತರರ ತಂಗಿಯ ಮನೆಯಲ್ಲಿ ಅದೇ ಕಾಗದದ ಎರಡನೇ ಹಾಳೆ ಸಿಕ್ಕಿತು; ಆಕೆ ಅದನ್ನು ನನಗೆ ಕಳಿಸಿದರು. ಮೊದಲನೆಯದರ ತಳದಲ್ಲಿ ‘ಮುಂದುವರಿದಿದೆ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಪಿಎಚ್.ಡಿ. ಆದವನು ಅದನ್ನು ಓದಿರಲಿಲ್ಲ.

ಎರಡನೇ ಹಾಳೆಯ ಪ್ರಕಾರ ಅವರ ಅಪ್ಪ ಇದ್ದದ್ದು ಟ್ಯಾಂಕ್ ಸಾಗಿಸುವ ಕಂಪನಿಯಲ್ಲಿ. ದೂರದ ದಾರಿ ನಡೆದರೆ ಟ್ಯಾಂಕಿನ ಗಾಲಿಗಳ ಸುತ್ತಲಿನ ಉಕ್ಕಿನ ಪಟ್ಟಿ ಸವೆಯುತ್ತದೆ. ಅದಕ್ಕೆ ದೊಡ್ಡ ಲಾರಿಯ ಮೇಲೆ ಹೇರಿ ಯುದ್ಧದ ಹತ್ತಿರ ಒಯ್ಯುತ್ತಿದ್ದರು. ಅಂಥ ಲಾರಿಯ ಚಾಲಕ. ನನ್ನ ಪ್ರಬಂಧದಲ್ಲಿ ಇವರಿಗೆ ಒಂದು ಅಡಿಟಿಪ್ಪಣಿ ಕೊಟ್ಟಿದ್ದೇನೆ.

ಬೀಳಗಿಗೆ ಹೋಗಿ ಎಲ್ಲ ಹೇಳಿ, “ತಪ್ಪಾಯಿತು” ಎಂದೆ. ಗೋಡೆಯ ಮೇಲೆ ಫೋಟೊ ಇದ್ದ ಜಾಗ ಇನ್ನೂ ಬೆಳ್ಳಗಿತ್ತು. ಆ ವರ್ಷ ಅಪ್ಪನ ತಿಥಿಯನ್ನೂ ಮಾಡಿರಲಿಲ್ಲ ಎಂದು ಮಾಸ್ತರರ ಹೆಂಡತಿ ಹೇಳಿದರು. ಅದನ್ನು ವಾಪಸ್ ಕೊಡುವ ವಿದ್ಯೆ ನನಗೆ ಗೊತ್ತಿಲ್ಲ.

“ಒಂದು ಟ್ಯಾಂಕಿನ ತೂಕ ಎಷ್ಟರಿ?” ಮಾಸ್ತರರು ಕೇಳಿದರು.

“ಮೂವತ್ತು ಟನ್ನಿನ ಆಸುಪಾಸು.”

ಅವರು ಕಣ್ಣೊರೆಸಿಕೊಂಡು ಸಾಹುಕಾರರಿಗೆ ಫೋನ್ ಹಚ್ಚಿದರು. ಸ್ಪೀಕರ್ ಆನ್ ಇತ್ತು.

“ಲೇ, ನಮ್ಮಪ್ಪ ಸುಳ್ಳ ಹೇಳಿಲ್ಲ. ನಾ ಕೇಳಿದ ಕ್ಷಮಾ ವಾಪಸ್ ಕೊಡು.”

“ಟ್ಯಾಂಕಿನ ಒಳಗ ಕುಂತಿದ್ನೇನು?”

“ಇಲ್ಲ. ಅವ ಲಾರಿ ನಡಸ್ತಿದ್ದ, ಟ್ಯಾಂಕ್ ಲಾರಿ ಮ್ಯಾಲಿತ್ತು.”

“ಹಂಗಾದ್ರ ಅರ್ಧಾ ತಗೋ. ಎರಡ ಹಲ್ಲಿನಾಗ ಒಂದರ ತಪ್ಪು ನಂದು, ಒಂದರದ್ದು ನಿಂದು.”

ಮಾಸ್ತರರು ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಕೇಳಿದ್ರಲ್ಲಾ ಸರ್. ಸಾಲಿ ಹುಡುಗರದು ಅರ್ಧರ್ಧ ತಪ್ಪು. ಪೂರಾ ತಪ್ಪು ಮಾಡಾಕ ಪಿಎಚ್.ಡಿನೇ ಬೇಕ್ರಿ.”